ಸುಲ್ತಾನ್ ಕಾರಿಗೆ ಸೂಜಿ ಪರೀಕ್ಷೆ

ಇಳಕಲ್ಲಿನ ಸಮಸ್ತ ಮಹಾಜನರು, ನೇಕಾರರು, ವರ್ತಕರು, ಸಾಲಿ ಮಾಸ್ತರರು ಮತ್ತು ಚಹಾದಂಗಡಿಯ ಕಾಯಂ ಸದಸ್ಯರು ಗಮನವಿಟ್ಟು ಕೇಳತಕ್ಕದ್ದು: ಸಾವಿರದ ಒಂಬೈನೂರ ಎಂಬತ್ತೈದನೆಯ ಇಸವಿ, ಫೆಬ್ರುವರಿ ತಿಂಗಳಿನ ಎರಡನೆಯ ಸೋಮವಾರ, ಮುಂಜಾನೆ ಹನ್ನೊಂದರ ಸುಮಾರಿಗೆ, ಸೀರೆ ವ್ಯಾಪಾರಿ ಈರಪ್ಪನವರ ಅಂಬಾಸಿಡರ್ ಕಾರಿನ ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದನ್ನು ನಿಲ್ಲಿಸಿತು.

ತಪ್ಪು ಕಾರಿನದಲ್ಲ. ಹುನಗುಂದದ ಸಂತೆಗೆ ಹೊರಟಿದ್ದ ಎಮ್ಮೆಯೊಂದಕ್ಕೆ ದಾರಿಯಲ್ಲಿ ನಿಂತ ಕಾರು ಇಷ್ಟವಾಗಲಿಲ್ಲ. ಅದು ತನ್ನ ಅಭಿಪ್ರಾಯವನ್ನು ಕೊಂಬಿನಿಂದ ಬರೆದು ಮುಂದೆ ಹೋಯಿತು. ಹೊರಗಿನಿಂದ ಬಾಗಿಲು ತೆರೆಯುತ್ತಿತ್ತು. ಒಳಗಿನಿಂದ ಮಾತ್ರ ಬ್ರಹ್ಮದೇವ ಬಂದರೂ ಇಲ್ಲ.

ಇಷ್ಟರಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಮರುವಾರ ಬಾಗಲಕೋಟೆಯಲ್ಲಿ ದೊಡ್ಡ ವರ್ತಕರೊಬ್ಬರ ಮನೆಯ ಮದುವೆ ಇತ್ತು. ಹಂದರದ ಮುಂದೆ ಅಂಬಾಸಿಡರ್ ನಿಂತಿತು. ಈರಪ್ಪ ಒಳಗಿನಿಂದ ಹಿಡಿಕೆ ತಿರುಗಿಸಿದರು, ಭುಜ ಕೊಟ್ಟರು, ಕೊನೆಗೆ ಕಾಲೂ ಕೊಟ್ಟರು. ತಲೆಯ ಮೇಲಿನ ಜರತಾರಿ ಪಟಗ, ಹೊಸ ಕೋಟು, ಐವತ್ತೆರಡು ವರ್ಷದ ಮಾನಮರ್ಯಾದೆ ಎಲ್ಲ ಸಮೇತ ಸೀಟಿನ ಮೇಲೆ ತೆವಳಿ ಬಲಬಾಗಿಲಿನಿಂದ ಇಳಿಯುವಾಗ, ಎದುರಿಗೆ ಹತ್ತಿ ವ್ಯಾಪಾರಿ ಹನಮಂತಪ್ಪ ನಿಂತಿದ್ದರು.

"ಏನ ಈರಪ್ಪನವರ, ಕಾರಿನ್ಯಾಗಿಂದ ಹಡದಂಗಾತಲ್ಲ!" ಎಂದರು ಹನಮಂತಪ್ಪ.

ಆವತ್ತು ಈರಪ್ಪ ಊಟ ಮಾಡಲಿಲ್ಲ. ಮನೆಗೆ ಬಂದವರೇ ಪಟಗ ಬಿಚ್ಚುವ ಮೊದಲು ಹೇಳಿದರು:

"ಹೊಸ ಕಾರು ತಗೊಳ್ಳೋದು. ಸುಲ್ತಾನ್ ಡಿಲಕ್ಸ್. ಈ ಡಬ್ಬಿ ಬದಲಿ ಕೊಡೋದು."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು.

ರೊಟ್ಟಿ ಬಡಿಯುತ್ತಿದ್ದವಳು ಸಾವಂತ್ರವ್ವ, ಈರಪ್ಪನವರ ಹೆಂಡತಿ, ನಲವತ್ತೈದು ವರ್ಷದವಳು. ಅಂಗಡಿಯ ಬೋರ್ಡಿನ ಮೇಲೆ ಹೆಸರು ಗಂಡನದು. ಆದರೆ ಅಂಗಡಿಗೆ ಪುಣೆಯಿಂದ ಸೊಲ್ಲಾಪುರದಿಂದ ಗಿರಾಕಿ ಬರುವುದು ಕಸೂತಿ ಹಾಕಿದ ಇಳಕಲ್ ಸೀರೆಗಾಗಿ, ಆ ಕಸೂತಿ ಬರುವುದು ಸಾವಂತ್ರವ್ವನಿಂದ. ಪ್ರತಿ ಮಂಗಳವಾರ ಅವಳು ಕಾರಿನಲ್ಲಿ ಸೀರೆ, ದಾರ ತುಂಬಿಕೊಂಡು ಹುನಗುಂದ, ಕಮತಗಿ, ಬೇವೂರಿನ ಮೂವತ್ತು ಮನೆಗೆ ಹೋಗುತ್ತಿದ್ದಳು. ಸೀರೆ ಕೊಟ್ಟು, ಹೊಲಿದದ್ದನ್ನು ತಿರುವಿ ಮುರುವಿ ನೋಡಿ, ಸಂಜೆಗೆ ಬರುತ್ತಿದ್ದಳು. ವಾರದ ಆರು ದಿನ ಒಲೆ, ಏಳನೆಯ ದಿನ ಊರು. ಆ ಏಳನೆಯ ದಿನ ಅಂಬಾಸಿಡರಿನ ಮೇಲೆ ನಿಂತಿತ್ತು.

"ಬದಲಿ ಕೊಡೋದಂದ್ರ?" ಎಂದು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಮತ್ತ ಮಂಗಳಾರ ನಾ ಹೆಂಗ ಹೋಗ್ಲಿ?"

"ಬಸ್ಸಿಗೆ ಹೋಗು. ಇಲ್ಲಾ ಆಳಿನ ಕೈಲೆ ಕಳಸು. ಸುಲ್ತಾನ್ ಕಾರಿನ್ಯಾಗ ದಾರದ ಗಂಟು ಹೇರಾಕ ಆಗ್ತೈತೇನ? ಒಳಗ ಮಕಮಲ್ ಐತಿ, ಮಕಮಲ್! ಡ್ರೈವರ್ ಬಾಗಲಕ್ವಾಟಿಂದ ಬರ್ತಾನ. ಬಿಳಿ ಡ್ರೆಸ್ಸು, ಟೊಪಗಿ."

"ಮಕಮಲ್ ನಿಮಗ ಇರ್ಲಿ. ಅಂಬವ್ವ ನನಗ ಇರ್ಲಿ."

ಅಂಬವ್ವ ಎಂದು ಕಾರಿಗೆ ಹೆಸರಿಟ್ಟವಳು ಈರಪ್ಪನ ತಾಯಿ ಗುರುಲಿಂಗವ್ವ. ಎಪ್ಪತ್ತಾರು ವರ್ಷ, ಹಲ್ಲು ಏಳು, ಮಾತಿಗೆ ಲೆಕ್ಕವಿಲ್ಲ. ಹದಿನಾಲ್ಕು ವರ್ಷದ ಹಿಂದೆ ಕಾರು ಮನೆಗೆ ಬಂದ ದಿನ ಅದರ ಹಾರ್ನು ಆಕಳು ಕರೆದ ಹಾಗೆ ಕೇಳಿತಂತೆ. ಆವತ್ತಿನಿಂದ ಅಂಬವ್ವ.

"ಒಂದ ಮನಿಗೆ ಒಂದ ಕಾರು," ಎಂದರು ಈರಪ್ಪ. "ನಿಲ್ಲಸಾಕ ಜಾಗಾನೂ ಒಂದಕ್ಕ ಐತಿ. ಮುಗೀತು."

ಮುಗಿಯಲಿಲ್ಲ. ಮರುದಿನ ಈರಪ್ಪನ ತಾಟಿನಲ್ಲಿ ಎರಡು ರೊಟ್ಟಿ ಮತ್ತು ಒಂದು ಉಂಡೆ ಕೆಂಪುಖಾರ ಬಿದ್ದವು. ಬೆಣ್ಣೆ ಇಲ್ಲ, ಪಲ್ಯ ಇಲ್ಲ.

"ಇದೇನಿದು?"

"ಕಾರು ಬೇಕಂದ್ರಿ. ಖಾರ ನೀಡೇನಿ."

ಮೂರನೆಯ ದಿನವೂ ಖಾರವೇ. ನಾಲ್ಕನೆಯ ದಿನ ಈರಪ್ಪ ಅಂಗಡಿಯಿಂದ ಬರುವಾಗಲೇ ಖಾನಾವಳಿಯಲ್ಲಿ ಉಂಡು ಬಂದರು. ಅದೂ ತಾಯಿಗೆ ವಾಸನೆಯಿಂದ ಗೊತ್ತಾಯಿತು.

"ಖಾನಾವಳಿ ಎಣಗಾಯಿ ತಿಂದ ಬಂದಿ ಹೌದಿಲ್ಲೋ ಈರಾ? ಎಣ್ಣಿ ಹಳೇದೈತಿ. ನಾಳೆ ಹೊಟ್ಟಿ ಹಿಡಕೊಂಡ ಕುಂದ್ರತಿ ನೋಡ."

ಈರಪ್ಪನ ಪಕ್ಷದಲ್ಲಿ ಮನೆಯೊಳಗೆ ಒಬ್ಬಳೇ ಇದ್ದಳು. ಮಗಳು ನೀಲಾಬಾಯಿ. ಬಾಗಲಕೋಟೆಯ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು. ಸುಲ್ತಾನಿನ ಚಿತ್ರವಿದ್ದ ಬಣ್ಣದ ಕಾಗದವನ್ನು ಕನ್ನಡಿಗೆ ಅಂಟಿಸಿಕೊಂಡಿದ್ದಳು.

"ಅವ್ವ, ಅದಕ್ಕ ಐದ ಗೇರ್ ಅದಾವಂತ. ನೂರಾ ನಲವತ್ತರ ಮಟ ಹೋಗ್ತೈತಂತ. ಕುಂತ್ರ ಕುಂತಂಗ ಅನಸೂದಿಲ್ಲಂತ."

"ಕುಂತ್ರ ಕುಂತಂಗ ಅನಸಬೇಕವಾ. ಇಲ್ಲಂದ್ರ ನಿಂತಿದ್ರಾತು."

"ನೀ ಒಮ್ಮೆ ಹತ್ತಿ ನೋಡಿಯೇನ? ನೋಡಲಾರದ ಬ್ಯಾಡ ಅಂದ್ರ ಅದು ನ್ಯಾಯನ?"

ಮಗಳ ಮಾತು ಖರೆ. ಮೂವತ್ತು ಮನೆಯ ಹೊಲಿಗೆಯನ್ನು ತಿರುವಿ ನೋಡದೆ ಒಪ್ಪದವಳು, ಕಾರನ್ನು ನೋಡದೆ ಹಳಿಯುವುದು ಹೇಗೆ?

ರಾತ್ರಿ ಊಟಕ್ಕೆ ಬದನೆಕಾಯಿ ಪಲ್ಯ ಬಂತು. ಜೊತೆಗೆ ಸವಾಲೂ ಬಂತು.

"ಎರಡೂ ಕಾರು ಪರೀಕ್ಷಾ ಮಾಡ್ರಿ. ಯಾವುದು ಛಲೋ ಓಡ್ತೈತಿ, ಯಾವುದು ಜೋಲಿ ಹೊಡಿತೈತಿ, ಸೂಜಿ ಹೇಳ್ತೈತಿ. ನೀಲಾ ಹಿಂದಿನ ಸೀಟಿನ್ಯಾಗ ಕುಂತ ಗವಂತಿ ಕಸೂತಿ ಹೊಲೀಲಿ. ಹಾದಿ ಒಂದ, ಅರಿವಿ ಒಂದ, ಕೈ ಒಂದ. ಕಾರ ಕುಲುಕಿದ್ರ ಹೊಲಿಗಿ ಸೊಟ್ಟ ಬೀಳತೈತಿ. ಗೆದ್ದ ಕಾರು ಮನ್ಯಾಗ."

ಈರಪ್ಪನಿಗೆ ತುತ್ತು ಗಂಟಲಲ್ಲೇ ಕುಣಿಯಿತು. ಹುಬ್ಬಳ್ಳಿಯ ಡೀಲರನ ಏಜೆಂಟ್ ಸಂಗಯ್ಯ, ಬಾಗಲಕೋಟೆಯಲ್ಲಿ, ಸುಲ್ತಾನಿನ ಬಾನೆಟ್ಟಿನ ಮೇಲೆ ನೀರು ತುಂಬಿದ ಗಿಲಾಸು ಇಟ್ಟು ಎಂಜಿನ್ ಚಾಲೂ ಮಾಡಿ ತೋರಿಸಿದ್ದ. ಒಂದು ಹನಿ ಚೆಲ್ಲಿರಲಿಲ್ಲ. ಈ ಪರೀಕ್ಷೆಯಲ್ಲಿ ಅಂಬವ್ವ ಗೆಲ್ಲುವುದೆಂದರೆ ಎಮ್ಮೆ ಓಟದ ಪಂದ್ಯ ಗೆದ್ದ ಹಾಗೆ. ಹೆಂಡತಿ ಮನಸ್ಸು ಬದಲಿಸುವ ಮೊದಲೇ ಎದ್ದು ಕೈತೊಳೆದು, ಅಂಗಡಿಯ ಹೆಸರಿದ್ದ ಕಾಗದ ತಂದು ಬರೆದರು.

ಇಳಕಲ್ಲಿನಿಂದ ಬಾಗಲಕೋಟೆ ಮಾರ್ಗವಾಗಿ ಬಾದಾಮಿ. ಹಾದಿ ಮುದ್ದಾಂ ಸುತ್ತಿನದು, ಬಾಗಲಕೋಟೆಯ ಪೇಟೆಯವರು ನೋಡಲಿ ಎಂದು. ಕಾರು ಓಡುವಾಗಷ್ಟೇ ಸೂಜಿ ಓಡಬೇಕು. 'ಯಾವ ಕಾರಿನ ಕಸೂತಿ ಹಿಂದೂ ಮುಂದೂ ಒಂದೇ ಸಮ ಇರುತ್ತದೆಯೋ ಆ ಕಾರು ಮನೆಯಲ್ಲಿ ಉಳಿಯತಕ್ಕದ್ದು. ಎರಡೂ ಸಮ ಇದ್ದರೆ ಹೊಸದು ಉಳಿಯತಕ್ಕದ್ದು. ತೀರ್ಪು ತಾಯಿಯವರದು.' ಹಿಂದೂ ಮುಂದೂ ಒಂದೇ ಸಮ ಎನ್ನುವುದು ಈರಪ್ಪನ ಮೂವತ್ತು ವರ್ಷದ ಮಂತ್ರ. ಗಿರಾಕಿಯ ಮುಂದೆ ಸೆರಗು ಹರವಿ, 'ನಮ್ಮ ಅಂಗಡಿ ಕಸೂತಿ ನೋಡ್ರಿ, ಹಿಂದೂ ಮುಂದೂ ಒಂದೇ ಸಮ' ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರು. ಕೈ ತಾನಾಗಿಯೇ ಬರೆಯಿತು. ಕೆಳಗೆ ಸಹಿ ಹಾಕಿದರು. ಈರಪ್ಪನ ಸಹಿ ಎಂದರೆ ಸೊಲ್ಲಾಪುರದ ತನಕ ನಡೆಯುವ ನಾಣ್ಯ. ಅದಕ್ಕೆ ಅವರೂ ಹೆದರುತ್ತಿದ್ದರು.

ಗುರುಲಿಂಗವ್ವ ಆ ಕಾಗದವನ್ನು ದೇವರ ಕೋಣೆಯ ವಿಭೂತಿ ಬಟ್ಟಲಿನ ಕೆಳಗೆ ಇಟ್ಟಳು.

ಮೊದಲ ಪಾಳಿ ಅಂಬವ್ವನದು. ಭಾನುವಾರ ಮುಂಜಾನೆ ಹೊರಟರು. ಮುಂದೆ ಡ್ರೈವರ್ ಮಲಕಪ್ಪ, ಅವನ ಪಕ್ಕ ಸಾವಂತ್ರವ್ವ ಬುತ್ತಿ ಗಂಟು ಹಿಡಿದು. ಹಿಂದೆ ಬಲಗಡೆ ನೀಲಾ, ನಡುವೆ ಗುರುಲಿಂಗವ್ವ, ಎಡಗಡೆ ಈರಪ್ಪ. ನೀಲಾಳ ಕೈಯಲ್ಲಿ ಹಳೆಯ ಚಂದ್ರಕಾಳಿ ಸೀರೆಯ ಗೇಣಗಲದ ಕಪ್ಪು ತುಂಡು, ಬಿಳಿ ದಾರ. ಗೋಪುರದ ಒಂದು ಸಾಲು ಹೊಲಿಯುವುದೆಂದು ನಿಶ್ಚಯವಾಗಿತ್ತು.

ಹುನಗುಂದ ದಾಟುವ ತನಕ ಸೂಜಿ ಸರಿ ಓಡಿತು. ಅಮೀನಗಡದ ಹತ್ತಿರ ಎತ್ತಿನ ಗಾಡಿ ಅಡ್ಡ ಬಂತು. ಮಲಕಪ್ಪ ತಡವಾಗಿ ಬ್ರೇಕ್ ಒತ್ತಿದ. ನೀಲಾ "ಅಯ್ಯ!" ಎಂದಳು. ಒಂದು ಎಳೆ ಮೇಲಕ್ಕೆ ಹೋಗಿತ್ತು.

"ಒಂದು!" ಎಂದು ಈರಪ್ಪ ಬೆರಳು ಎತ್ತಿದರು.

ಕಮತಗಿ ಹತ್ತಿರ ಬರುವಾಗ ಕಾರು ಎದ್ದು ಬಿತ್ತು. ಕಣ್ಣು ಮುಚ್ಚಿ ಕೂತಿದ್ದ ಗುರುಲಿಂಗವ್ವ, "ಕಮತಗಿ ಬಂತು," ಎಂದಳು. ಅವಳಿಗೆ ಊರುಗಳು ಗೊತ್ತಾಗುವುದು ಕಣ್ಣಿನಿಂದಲ್ಲ, ಸೊಂಟದಿಂದ.

"ಎರಡು!" ಎಂದರು ಈರಪ್ಪ. ಅವರ ಮುಖ ಯುಗಾದಿಯ ಹೋಳಿಗೆಯ ಹಾಗೆ ಅರಳಿತ್ತು.

ಕಮತಗಿ ದಾಟಿ ಅರ್ಧ ಮೈಲಿಗೆ ಕಾರು ನಿಂತಿತು. ನಿಂತದ್ದು ಕಾರಲ್ಲ, ಮಲಕಪ್ಪನ ಮೊಣಕಾಲು.

"ಸಾವಕಾರ್ರ, ಕ್ಲಚ್ ಒತ್ತಾಕ ಆಗವಲ್ದು. ಕಾಲು ಹಿಡಕೊಂಡೈತ್ರಿ."

"ಮತ್ತ ಮಂಗಳಾರ ದಿನಾ ಎಂಬತ್ತ ಮೈಲಿ ಹೆಂಗ ಹೊಡಿತಿದ್ದಿ?"

ಮಲಕಪ್ಪ ಮೊಣಕಾಲು ತಿಕ್ಕಿಕೊಂಡ. ಗುರುಲಿಂಗವ್ವ ಕಣ್ಣು ತೆರೆಯಲಿಲ್ಲ. ನೀಲಾ ಸೂಜಿಯ ಕಣ್ಣು ನೋಡುತ್ತ ಕೂತಳು. ಇಡೀ ಕಾರಿನಲ್ಲಿ ಒಂದು ಸಂಗತಿ ಗೊತ್ತಿಲ್ಲದವರು ಒಬ್ಬರೇ ಎನ್ನುವುದು ಈರಪ್ಪನಿಗೆ ಹೊಳೆಯುವಷ್ಟರಲ್ಲಿ, ಸಾವಂತ್ರವ್ವ ಬುತ್ತಿ ಗಂಟನ್ನು ಮಲಕಪ್ಪನ ಕೈಗೆ ಕೊಟ್ಟು, ಇಳಿದು ಸುತ್ತಿ ಬಂದು, ಸೆರಗು ಸೊಂಟಕ್ಕೆ ಸಿಗಿಸಿ ಸ್ಟೇರಿಂಗ್ ಹಿಂದೆ ಕೂತಿದ್ದಳು.

"ಲೇ ಸಾವಂತ್ರಿ! ಏನ ಮಾಡಾಕತ್ತಿ?"

"ಪರೀಕ್ಷಾ ನಡಸಾಕತ್ತೇನ್ರಿ."

"ಎಂದಿನಿಂದ ಇದು?"

"ಹ್ವಾದ ವರ್ಷದ ದೀಪಾವಳಿಯಿಂದ. ಇಳಕಲ್ ನಾಕಾ ತನಕ ಮಲಕಪ್ಪಣ್ಣ, ನಾಕಾ ದಾಟಿಂದ ನಾ. ಬರಮುಂದ ನಾಕಾದಾಗ ಅದಲಿ ಬದಲಿ. ನಿಮ್ಮ ಮರ್ಯಾದಿ ನಾಕಾದ ಒಳಗಷ್ಟ ಇರ್ತೈತಂತ ಮಲಕಪ್ಪಣ್ಣ ಹೇಳಿದ್ದ."

"ಹೆಣಮಗಳು ಕಾರ ಹೊಡದ್ರ ಮಂದಿ ಏನಂತಾರ? ನಿಲ್ಲಸು! ನಾ ಇಳೀತೇನಿ!"

"ಇಳೀರಿ."

ಈರಪ್ಪ ಹಿಡಿಕೆ ತಿರುಗಿಸಿದರು. ಬಾಗಿಲು ಯಾವ ಬಾಗಿಲು ಎಂಬುದನ್ನು ಓದುಗರು ಮರೆತಿರಲಿಕ್ಕಿಲ್ಲ. ಭುಜ ಕೊಟ್ಟರು. ಸೀಟು ಗುದ್ದಿದರು. ನೀಲಾ ಮತ್ತೊಮ್ಮೆ "ಅಯ್ಯ!" ಎಂದಳು.

"ಮೂರನೇ ಸೊಟ್ಟು ಬಿತ್ತು," ಎಂದಳು ಗುರುಲಿಂಗವ್ವ. "ಇದು ಅಂಬವ್ವಂದಲ್ಲ. ನಿಂದು."

ಬಾಗಲಕೋಟೆಯ ಪೇಟೆಯನ್ನು ಅವರು ಮುಂಜಾನೆ ಹನ್ನೊಂದೂವರೆಗೆ ದಾಟಿದರು. ಕಾಯಿಪಲ್ಲೆ ಗಾಡಿ, ಟಾಂಗಾ, ಸೈಕಲ್ಲು, ಒಂದು ಮಲಗಿದ ಗೂಳಿ. ಸಾವಂತ್ರವ್ವ ಯಾವುದನ್ನೂ ಮುಟ್ಟಲಿಲ್ಲ, ಯಾವುದಕ್ಕೂ ಹಾರ್ನು ಹೊಡೆಯಲಿಲ್ಲ. ಸಂದಿಯಲ್ಲಿ ದಾರ ಪೋಣಿಸಿದ ಹಾಗೆ ಕಾರನ್ನು ಪೋಣಿಸಿದಳು. ಹತ್ತಿ ಅಂಗಡಿಯ ಕಟ್ಟೆಯ ಮೇಲಿದ್ದ ಹನಮಂತಪ್ಪ ಎದ್ದು ನಿಂತು ನೋಡಿದರು. ಹಿಂದಿನ ಸೀಟಿನಲ್ಲಿ ಒಂದು ಜರತಾರಿ ಪಟಗ ನಿಧಾನವಾಗಿ ಕಿಟಕಿಯ ಕೆಳಗೆ ಅಸ್ತಮಿಸಿತು.

ಬಾದಾಮಿ ಮುಟ್ಟುವ ತನಕ ಮತ್ತೊಂದು ಸೊಟ್ಟು ಬೀಳಲಿಲ್ಲ. ಬನಶಂಕರಿ ಹೊಂಡದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರು. ಈರಪ್ಪ ಬೆನ್ನು ತಿರುಗಿಸಿ ಕೂತು ಉಂಡರು. ಬರುವಾಗ ದಾರಿಯುದ್ದಕ್ಕೂ ನೀಲಾ ಹೊಲಿಯುತ್ತಲೇ ಇದ್ದಳು. ಈರಪ್ಪ ಸಿಟ್ಟಿನಿಂದ ಕಣ್ಣು ಮುಚ್ಚಿದರು, ಸಿಟ್ಟಿನಿಂದಲೇ ಗೊರಕೆ ಹೊಡೆದರು.

ಮನೆಯಲ್ಲಿ ಮುಂದಿನ ಎರಡು ವಾರ ಮಾತು ಬಂದ್. ಈರಪ್ಪ ಹೇಳುವುದನ್ನು ತಾಯಿಗೆ ಹೇಳುತ್ತಿದ್ದರು, ತಾಯಿ ಸೊಸೆಗೆ ಮುಟ್ಟಿಸುತ್ತಿದ್ದಳು.

"ಯವ್ವಾ, ಆಕಿಗೆ ಹೇಳು, ಇನ್ನ ಕಾರ ಮುಟ್ಟಬಾರದು."

"ಸಾವಂತ್ರಿ, ಕಾರ ಮುಟ್ಟಬಾರದಂತ."

"ಅತ್ತಿ, ಅವರಿಗೆ ಹೇಳ್ರಿ, ಹಂಗಾದ್ರ ಒಲಿನೂ ಮುಟ್ಟೂದಿಲ್ಲಂತ."

"ಈರಾ, ಖಾನಾವಳ್ಯಾಗ ತಿಂಗಳದ ಚೀಟಿ ಮಾಡಸಪಾ."

ಮಂಗಳವಾರ ಬಂತು. ಸಾವಂತ್ರವ್ವ ಗಂಟು ಹೇರಿದಳು. ಮಲಕಪ್ಪ ಹೆದರುತ್ತ ಕೀಲಿಕೈ ತಂದ. ಈರಪ್ಪ ಹೊಸ್ತಿಲಲ್ಲಿ ಅಡ್ಡ ನಿಂತರು.

"ಕಮತಗ್ಯಾಗ ಜೋಹರಾ ಎರಡ ಸೀರಿ ಮುಗಿಸಿ ಕುಂತಾಳ," ಎಂದಳು ಸಾವಂತ್ರವ್ವ, ಈ ಸಲ ನೇರವಾಗಿ. "ಮೊದಲ ನಾ ಹ್ವಾದ್ರ ಆಕಿ ಗಂಡ ಸೀರಿ ತಂದ ಕೊಟ್ಟ ಕೈ ಚಾಚತಿದ್ದ. ಈಗ ಆಕೀನ ಮುಂದ ಬರ್ತಾಳ. ಯಾಕ ಗೊತ್ತೇನ್ರಿ? 'ಅಕ್ಕಾ, ನೀ ಕಾರ ಹೊಡಿತಿ, ನಾ ಬಾಗಲಾ ದಾಟಿ ಬರಾಕ ಏನ ದಾಡಿ' ಅಂದ್ಲು. ಆಳಿನ ಕೈಲೆ ಕಳಿಸಿದ್ರ ಈ ಮಾತ ಯಾರ ಕೇಳ್ತಾರ? ನೀವು ಸರೀರಿ."

ಈರಪ್ಪ ಸರಿದರು. ಸರಿದು ಹೇಳಿದರು: "ಹೋಗು. ಇನ್ನೊಂದೆರಡ ಮಂಗಳಾರ. ಸುಲ್ತಾನ್ ಬಂದ ಮ್ಯಾಲ ನೋಡ್ತೇನಿ."

ಸುಲ್ತಾನ್ ಮಾರ್ಚ್ ತಿಂಗಳ ಒಂದು ಶುಕ್ರವಾರ ಬರುವುದೆಂದು ಗೊತ್ತಾಯಿತು. ಅದರ ಹಿಂದಿನ ದಿನ ಮಧ್ಯಾಹ್ನ ಸಾವಂತ್ರವ್ವ ಗಂಡನ ಕೋಟನ್ನು ಮಡಿವಾಳರಿಗೆ ಹಾಕಲು ಜೇಬು ನೋಡಿದಳು. ಡೀಲರನ ಕಾಗದ ಸಿಕ್ಕಿತು. ಓದಿದಳು. ಪರೀಕ್ಷೆಯ ಕಾರು ಬಾದಾಮಿಯಲ್ಲಿ ಗಿರಾಕಿಯನ್ನು ಇಳಿಸಿ, ಅಲ್ಲಿಂದ ನೆಟ್ಟಗೆ ಹುಬ್ಬಳ್ಳಿಗೆ ಹೋಗತಕ್ಕದ್ದು. ಸಂಜೆ ಐದರೊಳಗೆ ಮುಟ್ಟತಕ್ಕದ್ದು. ಕಾರು ಬೇಕಾದರೆ ಗಿರಾಕಿ ಅಂದೇ ಫಾರ್ಮಿಗೆ ಸಹಿ ಹಾಕತಕ್ಕದ್ದು, ತಪ್ಪಿದರೆ ಪಾಳಿ ಮುಂದಿನವರಿಗೆ. ಕೆಳಗೆ ಈರಪ್ಪನ ಸಹಿ.

ಅವಳು ಕಾಗದ ಹಿಡಿದು ಪಡಸಾಲೆಗೆ ಬಂದಳು.

"ಬಾದಾಮಿ ತನಕ ಅಷ್ಟೇನ್ರಿ? ತಿರುಗಿ ಬರೋದು?"

"ಬಸ್ಸು ಸತ್ತಾವೇನ? ಹೋಗೋ ಹಾದಿ ಪರೀಕ್ಷಾ ಆದ್ರ ಸಾಕು. ಬರೋ ಹಾದಿ ಉಸಾಬರಿ ನಿನಗ್ಯಾಕ?"

"ಇನ್ನೊಮ್ಮೆ ವಿಚಾರ ಮಾಡ್ರಿ."

"ಮಾಡೇನಿ. ನಿನ್ನಷ್ಟ ಅಲ್ಲಂದ್ರೂ ನನಗೂ ತಲಿ ಐತಿ."

"ಆತ್ರಿ," ಎಂದು ಸಾವಂತ್ರವ್ವ ಕಾಗದವನ್ನು ಮಡಚಿ ಹೊಸ ಕೋಟಿನ ಜೇಬಿಗೆ ಹಾಕಿದಳು. ಆ ಸಂಜೆ ಈರಪ್ಪನಿಗೆ ಎರಡು ವಾರದ ಮೇಲೆ ಮೊದಲ ಸಲ ಬೆಣ್ಣೆ ಬಿತ್ತು. ಸೋಲುವವರು ಹೀಗೆಯೇ ಮೆತ್ತಗಾಗುತ್ತಾರೆ ಎಂದುಕೊಂಡು ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಸುಲ್ತಾನ್ ಓಣಿಗೆ ಬಂದಾಗ ಮಗ್ಗಗಳು ನಿಂತವು. ಜೇನಿನ ಬಣ್ಣ, ಕನ್ನಡಿಯಂಥ ಮೈ. ಉದ್ದ ಎಷ್ಟೆಂದರೆ ಮುಂದಿನ ಭಾಗ ಈರಪ್ಪನ ಮನೆಯ ಮುಂದೆ, ಹಿಂದಿನ ಭಾಗ ಪಕ್ಕದ ಮನೆಯವರ ರಂಗೋಲಿಯ ಮೇಲೆ. ಓಣಿಯಲ್ಲಿ ಹೊರಳಿಸಲು ಬಿಳಿ ಡ್ರೆಸ್ಸಿನ ಡ್ರೈವರು ಮೂರು ಸಲ ಹಿಂದೆ ಮುಂದೆ ಮಾಡಿದ. ಸಾವಂತ್ರವ್ವ ಕಾರನ್ನು ಒಂದು ಸುತ್ತು ಹಾಕಿದಳು. ಮೂಲೆಯನ್ನು ಅಂಗೈಯಿಂದ ಒತ್ತಿ ಬಿಟ್ಟಳು. ಅದು ಇಳಿದು, ಒಮ್ಮೆ ಏರಿ, ಸುಮ್ಮನೆ ನಿಂತಿತು.

"ಸ್ಪ್ರಿಂಗ್ ಛಲೋ ಅದಾವ," ಎಂದಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಡ್ರೈವರು, ಅವನ ಪಕ್ಕ ಏಜೆಂಟ್ ಸಂಗಯ್ಯ, ಹಿಂದೆ ಈರಪ್ಪ, ತಾಯಿ, ಮಗಳು. ಸಾವಂತ್ರವ್ವನಿಗೆ ಜಾಗವಿಲ್ಲ. ಅದೂ ಲೆಕ್ಕ ಹಾಕಿಯೇ ಆಗಿತ್ತು.

ಓಡಿಕೆಯ ಬಗ್ಗೆ ಎರಡು ಮಾತಿಲ್ಲ. ಹುನಗುಂದ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಅಂಬವ್ವನಲ್ಲಿ ಗುಂಡಿ ಬಂದರೆ ಗುಂಡಿ ಒಳಗೆ ಬರುತ್ತಿತ್ತು. ಇಲ್ಲಿ ಗುಂಡಿ ಕೆಳಗೇ ಉಳಿಯುತ್ತಿತ್ತು. ಐದನೆಯ ಗೇರಿಗೆ ಬಿದ್ದಾಗ ಮುಳ್ಳು ನೂರು ಮುಟ್ಟಿತು, ಕಿಟಕಿಯಾಚೆ ಜೋಳದ ಹೊಲಗಳು ನೇಯ್ಗೆಯ ಹಾಗೆ ಒಂದಾದವು.

"ಸ್ಟೇರಿಂಗ್ ಒಂದ ಬೆರಳಿಲೆ ತಿರಗ್ತೈತ್ರಿ ಸಾವಕಾರ್ರ," ಎಂದ ಸಂಗಯ್ಯ ಹಿಂದಕ್ಕೆ ಹೊರಳಿ. "ತಿರುವಿನ್ಯಾಗ ನೋಡ್ರಿ, ಹಳೇ ಕಾರು ಹಡಗದಂಗ ವಾಲ್ತಿದ್ವು. ಇದು ಹಳಿ ಮ್ಯಾಲಿನ ರೈಲಿದ್ದಂಗ."

"ನೋಡ್ದೇನ ಯವ್ವಾ?" ಎಂದರು ಈರಪ್ಪ.

"ಏನ ನೋಡ್ಲಿ? ಹೊಟ್ಟಿ ತೊಳಸ್ತೈತಿ. ಕಮತಗಿ ಯಾವಾಗ?"

"ಕಮತಗಿ ಹಿಂದ ಹೋತವಾ."

"ಹೋತಾ?" ಮುದುಕಿ ಕಣ್ಣು ಬಿಟ್ಟಳು. "ಹೇಳದ ಕೇಳದ ಹೆಂಗ ಹೋತು?"

ನೀಲಾ ತಲೆ ಎತ್ತಲಿಲ್ಲ. ಸೂಜಿ ನೀರಿನಲ್ಲಿ ಮೀನು ಹೋದ ಹಾಗೆ ಹೋಗುತ್ತಿತ್ತು. ಗೋಪುರದ ಮೇಲೆ ಗೋಪುರ, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಬಾಗಲಕೋಟೆಯ ಪೇಟೆಯಲ್ಲಿ ಈರಪ್ಪ ಕಿಟಕಿ ಪೂರ್ತಿ ಇಳಿಸಿ, ಮೊಣಕೈ ಹೊರಗಿಟ್ಟು, ಹನಮಂತಪ್ಪನವರ ಅಂಗಡಿಯ ಮುಂದೆ ನಿಧಾನ ಮಾಡಲು ಹೇಳಿದರು. ಸಂಗಯ್ಯ ಕೆಮ್ಮಿದ. ಫಾರ್ಮಿನ ಪಾಳಿಯಲ್ಲಿ ಈರಪ್ಪನ ನಂತರದ ಹೆಸರು ಯಾರದು ಎಂದು ಅವನಿಗಷ್ಟೇ ಗೊತ್ತಿತ್ತು.

ಒಂದು ಗಂಟೆಗೆಲ್ಲ ಬನಶಂಕರಿ ಹೊಂಡದ ಕಟ್ಟೆ. ಬುಟ್ಟಿಯ ಹೆಂಗಸರಿಂದ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಕೊಂಡು ಉಂಡರು. ಸಂಗಯ್ಯ ಫಾರ್ಮು ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿ ಕೊಟ್ಟ.

"ಹಾಕಿಬಿಡ್ರಿ ಸಾವಕಾರ್ರ. ನಾವು ಹುಬ್ಬಳ್ಳಿಗೆ ಹೊಂಡಬೇಕು."

"ತಡೀರಿ ಸ್ವಾಮ್ಯಾರ. ಶಾಸ್ತ್ರ ಮುಗೀಲಿ. ಯವ್ವಾ, ತೀರ್ಪ ಹೇಳು."

ಅಷ್ಟರಲ್ಲಿ ಪರಿಚಯದ ಸಪ್ಪಳ ಕೇಳಿತು. ಬೇವಿನ ಮರಗಳ ಕೆಳಗೆ ಧೂಳು ಎಬ್ಬಿಸಿಕೊಂಡು ಅಂಬವ್ವ ಬಂದು ಸುಲ್ತಾನಿನ ಪಕ್ಕಕ್ಕೆ ನಿಂತಿತು. ಸಾವಂತ್ರವ್ವ ಇಳಿದಳು. ಮಲಕಪ್ಪ ಹಿಂದಿನ ಸೀಟಿನಲ್ಲಿ ಸಾವಕಾರನ ಹಾಗೆ ಕೂತಿದ್ದ, ಎಡಬಾಗಿಲು ತೆರೆಯದೆ ಕೂತೇ ಉಳಿದ.

"ನೀ ಯಾಕ ಬಂದಿ?" ಎಂದರು ಈರಪ್ಪ.

"ಅತ್ತಿಗೆ ಬಸ್ಸಿನ್ಯಾಗ ಸೊಂಟ ಹಿಡಿತೈತಿ. ಕರಕೊಂಡ ಹೋಗಾಕ ಬಂದೇನಿ."

ಗುರುಲಿಂಗವ್ವ ಸೀರೆಯ ನೆರಿಗೆಯಿಂದ ವಿಭೂತಿ ಮೆತ್ತಿದ ಕರಾರು ಪತ್ರ ತೆಗೆದು ಮೊಮ್ಮಗಳಿಗೆ ಕೊಟ್ಟಳು. ಅಂಬವ್ವನ ತುಂಡನ್ನು ತೊಡೆಯ ಮೇಲೆ ಹರವಿದಳು. ಮೂರು ಕಡೆ ಗೋಪುರ ಸೊಟ್ಟ.

"ಸೊಟ್ಟ!" ಎಂದರು ಈರಪ್ಪ ಸಂಗಯ್ಯನ ಕಡೆ ನೋಡಿ.

"ಸೊಟ್ಟ," ಎಂದಳು ತಾಯಿ. "ನೀಲಾ, ಹೊಳ್ಳಿಸು."

ತುಂಡು ಮಗುಚಿತು. ಹಿಂದೆಯೂ ಅದೇ ಸಾಲು, ಅದೇ ಮೂರು ಸೊಟ್ಟು, ಅದೇ ಜಾಗದಲ್ಲಿ.

"ಈಗ ಆ ತುಂಡು."

ಸುಲ್ತಾನಿನ ತುಂಡು ಹರವಿದರು. ಈರಪ್ಪ ಬಗ್ಗಿ ನೋಡಿದರು. ಗೋಪುರ ನೇರವಾಗಿದ್ದವು, ಬಾಣದ ಹಾಗೆ ನೇರ. ಆದರೆ ಏನೋ ಕಡಿಮೆ. ಒಂದು ಹೊಲಿಗೆ, ಒಂದು ಖಾಲಿ. ಒಂದು ಹೊಲಿಗೆ, ಒಂದು ಖಾಲಿ. ಇಡೀ ಸಾಲು ಹಲ್ಲುದುರಿದ ಬಾಯಿಯ ಹಾಗೆ. ನೀಲಾ ಹೊಳ್ಳಿಸಿದಳು. ಮುಂದೆ ಖಾಲಿಯಿದ್ದಲ್ಲಿ ಹಿಂದೆ ಹೊಲಿಗೆ, ಹೊಲಿಗೆಯಿದ್ದಲ್ಲಿ ಖಾಲಿ.

"ಏನಿದು? ಅರ್ಧಾ ಯಾಕ ಹೊಲದಿ?"

"ಅಪ್ಪಾ, ಗವಂತಿ ಅಂದ್ರ ಹಿಂಗ," ಎಂದಳು ನೀಲಾ ಅಳುವ ದನಿಯಲ್ಲಿ. ಸುಲ್ತಾನ್ ಅವಳಿಗೂ ಬೇಕಿತ್ತು. "ಹೋಗುಮುಂದ ಒಂದ ಬಿಟ್ಟ ಒಂದ ಹಾಕ್ಕೋಂತ ಹೋಗೋದು. ತಿರುಗಿ ಬರುಮುಂದ ಅದ ಹಾದ್ಯಾಗ ಖಾಲಿ ತುಂಬಕೋಂತ ಬರೋದು. ಹೋದ ಸಲ ಬಾದಾಮಿಯಿಂದ ಇಳಕಲ್ ತನಕ ತುಂಬಿದ್ದೆ. ಇವತ್ತೂ ಕಾರಿನ್ಯಾಗ ತಿರುಗಿ ಹೋಗ್ತೇವಂತ ಮಾಡಿದ್ದೆ. ಇದು ಹುಬ್ಬಳ್ಳಿಗೆ ಹೋಗ್ತೈತಂತ ನನಗೆಲ್ಲಿ ಗೊತ್ತಿತ್ತು?"

ಹೊಂಡದ ನೀರಿನಲ್ಲಿ ಯಾರೋ ಕಾಲು ತೊಳೆಯುವ ಸಪ್ಪಳ.

"ಮೂವತ್ತ ವರ್ಷ ಕಸೂತಿ ಮಾರೀದಿ ಈರಾ," ಎಂದಳು ಗುರುಲಿಂಗವ್ವ. "ಒಮ್ಮೆರ ಹೊಲಿಯೋದ ನೋಡಿದಿಯೇನ?"

ಈರಪ್ಪ ಹೆಂಡತಿಯ ಕಡೆ ತಿರುಗಿದರು. "ನಿನಗ ಗೊತ್ತಿತ್ತು!"

"ತಿರುಗಿ ಬರೋದು ಹೆಂಗಂತ ಕೇಳಿದ್ನಲ್ಲ. ಬರೋ ಹಾದಿ ಉಸಾಬರಿ ನಿನಗ್ಯಾಕ ಅಂದ್ರಿ."

"ಬಸ್ಸಿನ್ಯಾಗ ತುಂಬಲಿ!"

"ಹಂಗಾದ್ರ ಅರ್ಧ ಕಸೂತಿ ಬಸ್ಸಿಂದು. ಬಸ್ ತಂದ ಮನ್ಯಾಗ ಕಟ್ತೀಯೇನ?" ಎಂದಳು ತಾಯಿ.

"ಸ್ವಾಮ್ಯಾರ, ಇಳಕಲ್ ತನಕ ಬಿಟ್ಟ ಹೋಗ್ರಿ."

"ಐದರೊಳಗ ಹುಬ್ಬಳ್ಳಿ ಮುಟ್ಟಬೇಕ್ರಿ ಸಾವಕಾರ್ರ. ಕಾಗದದ ಮ್ಯಾಲ ನಿಮ್ಮ ಸಹೀನ ಐತಿ." ಸಂಗಯ್ಯ ಗಡಿಯಾರ ನೋಡಿ, ದನಿ ತಗ್ಗಿಸಿದ. "ಅಲ್ರೀ, ಹೆಣಮಕ್ಕಳ ಆಟದ ಚೀಟಿ. ಅದನ್ನ ಬಿಟ್ಟ ಸುಮ್ಮನ ಸಹಿ ಹಾಕಿಬಿಡ್ರಿ. ಯಾರ ಕೇಳ್ತಾರ?"

ನೀಲಾ ಕರಾರು ಪತ್ರ ಹಿಡಿದು ನಿಂತಿದ್ದಳು. ಕೆಳಗೆ ಸಹಿ ಕಾಣುತ್ತಿತ್ತು, ಸೊಲ್ಲಾಪುರದ ತನಕ ನಡೆಯುವ ಸಹಿ. ಅದನ್ನು ಇವತ್ತು ಬಾದಾಮಿಯಲ್ಲಿ ಖೋಟಾ ಮಾಡಿದರೆ, ನಾಳೆ ಈ ಸಂಗಯ್ಯನೇ ಅದನ್ನು ಊರೂರಿಗೆ ಹಂಚುತ್ತಾನೆ. ಈರಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ಹಿಂದೂ ಮುಂದೂ ಒಂದೇ ಸಮ ಅಂತ ಬರದೇನಿ. ಸಮ ಇಲ್ಲ. ಒಯ್ರಿ ನಿಮ್ಮ ಕಾರು."

"ಹಂಗಾದ್ರ ಪಾಳಿ ಮುಂದಿನವರಿಗೆ ಹೋಗ್ತೈತ್ರಿ."

"ಯಾರವರು?"

"ಹತ್ತಿ ಹನಮಂತಪ್ಪನವರು."

ಸುಲ್ತಾನ್ ಸಪ್ಪಳವಿಲ್ಲದೆ ಹೋಯಿತು. ಅದೊಂದು ದೊಡ್ಡ ಗುಣ ಅದರದು.

ಸಾವಂತ್ರವ್ವ ಎಡಬಾಗಿಲನ್ನು ಹೊರಗಿನಿಂದ ತೆರೆದಳು. ಮಲಕಪ್ಪ ಇಳಿದ, ಈರಪ್ಪ ಹತ್ತಿದರು. ಬಾಗಿಲು ಮುಚ್ಚಿತು. ನೀಲಾ 'ಕೈ ಸುಮ್ಮನಿರೂದಿಲ್ಲ' ಎನ್ನುತ್ತ ಸುಲ್ತಾನಿನ ತುಂಡನ್ನೇ ತೆಗೆದು ತಿರುಗು ಹೊಲಿಗೆ ಶುರು ಮಾಡಿದಳು. ಈರಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ. ಸೂಜಿ ಹೋದ ದಾರಿಯಲ್ಲೇ ಬರುವುದನ್ನು, ಖಾಲಿ ತುಂಬುವುದನ್ನು, ಕತ್ತು ಉದ್ದ ಮಾಡಿ ನೋಡುತ್ತ ಕೂತರು. ಬಾಗಲಕೋಟೆ ಹೋದದ್ದು ಅವರಿಗೆ ಗೊತ್ತಾಗಲಿಲ್ಲ. ಒಂದು ಕಡೆ ಕಾರು ಎದ್ದು ಬಿತ್ತು, ಸೂಜಿ ಒಂದೆಳೆ ಜಾರಿತು.

"ಕಮತಗಿ ಬಂತು," ಎಂದಳು ಗುರುಲಿಂಗವ್ವ, ಕಣ್ಣು ಮುಚ್ಚಿಕೊಂಡೇ.

ಇಳಕಲ್ ನಾಕಾ ಬಂದಾಗ ಮಲಕಪ್ಪ ರೂಢಿಯಂತೆ ಜಾಗ ಬದಲಿಸಲು ಬಾಗಿಲಿಗೆ ಕೈ ಹಾಕಿದ.

"ಕುಂದ್ರು ಮಲಕಪ್ಪಣ್ಣ," ಎಂದು ಸಾವಂತ್ರವ್ವ ಕನ್ನಡಿಯಲ್ಲಿ ಗಂಡನ ಮುಖ ನೋಡಿದಳು. "ಇಳೀತೀರೇನ್ರಿ?"

ಈರಪ್ಪ ಹಿಡಿಕೆಯ ಕಡೆ ನೋಡಿದರು. ಮುಟ್ಟಲಿಲ್ಲ.

"ನಡೀ," ಎಂದರು. "ಪ್ಯಾಟಿ ಮ್ಯಾಲಿಂದನ ಹೋಗು. ಆದ್ರ ಸೋಮಾರ ಈ ಬಾಗಲಾ ಮಾತ್ರ ರಿಪೇರಿ ಆಗಬೇಕು."

"ಮಂಗಳಾರ ಆದ ಮ್ಯಾಲ ನೋಡೂಣ್ರಿ," ಎಂದು ಸಾವಂತ್ರವ್ವ ಎರಡನೆಯ ಗೇರಿಗೆ ಹಾಕಿದಳು.